ಸುಡಬೇಕಾದ ಮುಖ

"ಇವತ್ತೇ ಯಾಕೆ? ನನ್ನ ಬಾಗಿಲೇ ಯಾಕೆ?" ಖಾಲಿ ಕೋಣೆಗೆ ಕೇಳಿ ಫ್ರೆಂಚ್ ಚಿತ್ರಗಾರ ಲೂಸಿಯೆನ್ ಮರೋಲ್ ಕುಂಚ ಕೆಳಗಿಟ್ಟ. ಹೊರಗೆ ಬಡಿತ ನಿಲ್ಲಲಿಲ್ಲ. ಲಂಡನ್ನಿನ ಬೀದಿಬೀದಿಯಲ್ಲೂ ವರ್ಷವೂ ದ್ರೋಹಿಯ ಹುಲ್ಲಿನ ಗೊಂಬೆ ಸುಡುವ ನವೆಂಬರಿನ ಸಂಜೆ ಅದು. ಫ್ರಾನ್ಸಿನವರನ್ನು ನಂಬಿಕೊಂಡ ದಂಡೊಂದು ಉತ್ತರದಿಂದ ಇಳಿದು ಬರುತ್ತಿದೆಯೆಂದು ಊರೆಲ್ಲ ಸುದ್ದಿ. ಪಕ್ಕದ ಬೀದಿಯ ಪ್ಯಾರಿಸ್ಸಿನ ಕ್ಷೌರಿಕನ ಅಂಗಡಿಯಲ್ಲಿ ನಿನ್ನೆ ಜನ ಒಂದು ಗಾಜನ್ನೂ ಉಳಿಸಿರಲಿಲ್ಲ.

ಬಾಗಿಲಲ್ಲಿ ಮಾಂಸದಂಗಡಿಯ ಜೊಸಾಯ. ಅವನ ಹಿಂದೆ ಪಂಜು ಹಿಡಿದ ಇಡೀ ಬೀದಿ. ಜೊಸಾಯನ ಕಂಕುಳಲ್ಲಿ ಗೊಂಬೆಯ ತಲೆ. ಬುಟ್ಟಿಗೆ ಕಾಗದ ಮೆತ್ತಿದ್ದು, ಇನ್ನೂ ಮುಖವಿಲ್ಲ.

"ಏನ್ ಮುಸ್ಯೂ ಸಾಹೇಬ್ರೇ, ನಿಮ್ ಫ್ರಾನ್ಸಿನ ಕಪ್ಪೆ ಊಟ ಆಯ್ತಾ? ಇವತ್ತು ನಿಮ್ ಫ್ರಾನ್ಸಿನ ರಾಜನ್ನ ಸುಡ್ತೀವಿ. ಮುಖ ನೀನೇ ಬರೀಬೇಕು."

"ನಾನು ಬರೀ ಹೆಂಗಸರ ಚಿತ್ರ ಬರೆಯೋನು, ಯಜಮಾನ್ರೇ..."

"ಬರಿ, ಬರಿ. ನೀನು ಯಾರ ಕಡೆ ಅಂತ ನಮಗೂ ಗೊತ್ತಾಗ್ಲಿ."

ಅಜ್ಜಿ ಹೇಳಿಕೊಟ್ಟ ಕೀರ್ತನೆಯನ್ನು ಲೂಸಿಯೆನ್ ಮನಸ್ಸಿನಲ್ಲೇ ಹಿಡಿದ. ಎರಡನೆಯ ಸಾಲು ಬರಲಿಲ್ಲ. ಕೋರೆಹಲ್ಲು, ಕೆಂಡಗಣ್ಣು ಎಂದುಕೊಳ್ಳುತ್ತಲೇ ಕುಂಚ ಅದ್ದಿದ. ಆದರೆ ಭಯದಲ್ಲಿ ಬುದ್ಧಿ ಕೈಕೊಟ್ಟಾಗ ಕೈ ತನಗೆ ಗೊತ್ತಿದ್ದುದನ್ನೇ ಮಾಡಿತು. ಇಂಗ್ಲಿಷ್ ಶ್ರೀಮಂತ ಹೆಂಗಸರ ಮರದಂಥ ಮುಖಗಳಿಗೆ ವರ್ಷಗಟ್ಟಲೆ ಪ್ಯಾರಿಸ್ಸಿನ ನಯ ಕಲಿಸಿದ ಕೈ ಅದು. ಕೆನ್ನೆಗೆ ಗುಲಾಬಿ ಹತ್ತಿತು. ತುಟಿಯಂಚು ಇನ್ನೇನು ಮಾತಾಡುತ್ತದೆ ಎಂಬಂತೆ ತಿರುಗಿತು. ಬೆನ್ನ ಹಿಂದಿನ ಗದ್ದಲ ನಿಂತಾಗಲೇ ಅವನಿಗೆ ಎಚ್ಚರವಾದದ್ದು.

"ಅಯ್ಯೋ, ಎಷ್ಟ್ ಮುದ್ದಾಗಿದಾನೆ!" ಜೊಸಾಯನ ಹೆಂಡತಿ ಡೊರ್ಕಸ್ ಆ ತಲೆಯನ್ನು ಮಗುವಿನಂತೆ ಎತ್ತಿಕೊಂಡಳು. "ನಮ್ಮ ಬೀದೀಲಿ ಇಂಥ ಗಂಡ್ಸು ಒಬ್ಬನಾದ್ರೂ ಇದಾನಾ?"

ಹೆಂಗಸರು ನಕ್ಕರು. ಗಂಡಸರು ನಗಲಿಲ್ಲ. ಜೊಸಾಯ ಗೊಂಬೆಯನ್ನು ನೋಡಿದ, ಲೂಸಿಯೆನ್‌ನನ್ನು ನೋಡಿದ.

"ಅಂದ್ರೆ ಇವನ ಕಣ್ಣಿಗೆ ಆ ರಾಜ ಹಿಂಗೆ ಕಾಣ್ತಾನೆ."

"ತಪ್ಪಾಯ್ತು, ಯಜಮಾನ್ರೇ! ಕೊಡಿ ತಾಯಿ, ಇಲ್ಲಿ ಕೊಡಿ. ಒಂದೇ ಗಳಿಗೆ, ಕೆಡಿಸಿಕೊಡ್ತೀನಿ." ಕಪ್ಪು ಬಣ್ಣ ತೊಟ್ಟಿಕ್ಕುವ ಕುಂಚ ಹಿಡಿದು ಲೂಸಿಯೆನ್ ಇನ್ನೊಂದು ಕೈ ಚಾಚಿದ.

ಬೀದಿಯಲ್ಲಿ ಬೆಂಕಿ ಆಗಲೇ ಚಟಪಟ ಎನ್ನುತ್ತಿತ್ತು. ಪಂಜಿನವರು ಗೋಡೆಯ ಚಿತ್ರಗಳ ಕಡೆ ತಿರುಗಿದರು. ಆಮೇಲೆ ಲೂಸಿಯೆನ್ ಕಡೆ.

ಡೊರ್ಕಸ್ ತಲೆಯನ್ನು ಶಾಲಿನೊಳಗೆ ಅವಚಿಕೊಂಡಳು.

"ಇಲ್ಲ, ಕೊಡಲ್ಲ. ಬೇರೆ ಏನ್ ಬೇಕಾದ್ರೂ ಸುಟ್ಕೊಳ್ಳಿ, ಇದನ್ನ ಮಾತ್ರ ಸುಡೋಕೆ ಬಿಡಲ್ಲ."