ಮನೆಯಲ್ಲೇ ತುಂಬಿದ ತೋಟೆ

ಕೊಡಗಿನ ನಮ್ಮೂರಿನಲ್ಲಿ ಮನೆಯ ಸುದ್ದಿಯನ್ನು ಇಂದಿಗೂ ಕೋವಿಯೇ ಹೇಳುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು.

ಬ್ಯಾಂಕಿನಿಂದ ನಿವೃತ್ತನಾದ ಮೊಣ್ಣಪ್ಪ, ಹಾರಿಸಿ ಖಾಲಿಯಾದ ಕೋವಿಯ ತೋಟೆಗಳಿಗೆ ಮನೆಯಲ್ಲೇ ಮದ್ದು ತುಂಬಲು ಹೊರಟ. ಯೂಟ್ಯೂಬೇ ಗುರು. ಊಟದ ಮೇಜೇ ಕಾರ್ಖಾನೆ.

"ಕಾಫಿಗೆ ಸಕ್ಕರೆ ಎಷ್ಟು ಅಂತ ಗೊತ್ತಿಲ್ಲ, ಕೋವಿಗೆ ಮದ್ದು ಅಳೀತಾರಂತೆ," ಎಂದಳು ಹೆಂಡತಿ ಬೊಳ್ಳಮ್ಮ. "ಅದು ಹಾರೋದಿರಲಿ, ಕೆಮ್ಮಿದ್ರೆ ದೊಡ್ಡದು."

ಮೊಣ್ಣಪ್ಪನಿಗೆ ರೋಷ ಬಂತು. ಅಂಗಳಕ್ಕಿಳಿದು ಆಕಾಶಕ್ಕೆ ಗುರಿಯಿಟ್ಟು ಕೋವಿಯ ಟ್ರಿಗರ್ ಎಳೆದ. ಢಮ್! ಕೋಳಿಗಳೆಲ್ಲ ದಿಕ್ಕಾಪಾಲಾದವು.

"ಕೇಳಿಸ್ತಾ?" ಎಂದ, ಎದೆಯುಬ್ಬಿಸಿ.

"ನನಗೊಬ್ಬಳಿಗಾ? ಇಡೀ ಊರಿಗೇ ಕೇಳಿಸ್ತು!" ಬೊಳ್ಳಮ್ಮ ಹಣೆ ಚಚ್ಚಿಕೊಂಡಳು. "ಒಂದು ಗುಂಡು ರೀ! ಈ ಮನೇಲಿರೋದು ನಾವಿಬ್ರೇ. ಈ ವಯಸ್ಸಲ್ಲಿ ನಾನು ಹೆತ್ತೆ ಅಂತ ಜನ ತೊಟ್ಟಿಲು ಹೊತ್ಕೊಂಡು ಬರ್ತಾರೆ. ಏನಾದ್ರೂ ಮಾಡಿ!" ಎಂದವಳೇ ನಾಚಿಕೆಯಿಂದ ಒಳಗೋಡಿ ಬಾಗಿಲು ಹಾಕಿಕೊಂಡಳು.

ಬ್ಯಾಂಕಿನಲ್ಲಿ ಎಂಥೆಂಥ ತಪ್ಪುಗಳನ್ನೋ ಸರಿಪಡಿಸಿದ್ದ ತಲೆಗೆ ಉಪಾಯ ತಟ್ಟನೆ ಹೊಳೆಯಿತು.

"ಅಷ್ಟೇ ತಾನೆ? ಒಂದೇ ಗುಂಡು ಅಂತ ಯಾರೂ ಹೇಳದ ಹಾಗೆ ಮಾಡ್ತೀನಿ," ಎಂದು ಕೂಗಿ ಹೇಳಿ, ಇನ್ನೊಂದನ್ನೂ ಹಾರಿಸಿದ. ಅದು ಮೊದಲನೆಯದಕ್ಕಿಂತ ಜೋರಾಗಿಯೇ ಹಾರಿತು.

ಸ್ವಲ್ಪ ಹೊತ್ತಿನಲ್ಲೇ ಪಕ್ಕದ ಮನೆಯ ಅಜ್ಜಿ ಬಿಳಿ ಸೀರೆಯುಟ್ಟು, ಬಿಳಿ ಬಟ್ಟೆ ತೊಟ್ಟ ಊರವರೊಂದಿಗೆ ಗೇಟು ದಾಟಿ ಬಂದಳು. ಮುಚ್ಚಿದ್ದ ಬಾಗಿಲನ್ನೊಮ್ಮೆ ನೋಡಿ, ಕಣ್ಣೊರೆಸಿಕೊಂಡು, ಮೊಣ್ಣಪ್ಪನ ಕೈ ಹಿಡಿದಳು.

"ಹೋಗಿದ್ದು ತಾಯಿಯಾ, ಮಗುವಾ?"