ಶಿವನಂಜನ ಫೋಟೋ ಕೆಳಗಿನ ಸಾಲು

ಫೋಟೋ ಕೆಳಗೆ ಏನು ಬರೆದಿದೆಯೋ ಮನೆಯವರಿಗೆಲ್ಲ ಅಷ್ಟೇ ನೆನಪಿರುವ ಕಾಲ ಇದು. ಸಾಲು ಬದಲಾದರೆ ನೆನಪೂ ಬದಲಾಗುತ್ತದೆ. ಬದಲಾಯಿಸಿದವರಿಗೆ ಮಾತ್ರ ಹಳೆಯದು ಮರೆಯುವುದಿಲ್ಲ. ಹಬ್ಬಕ್ಕೆ ಮೊದಲು ಮನೆ ಗುಡಿಸಿದ ಹಾಗೆ ಜನ ಮನೆಯವರೆಲ್ಲರ ಫೋನಿನಲ್ಲೂ ಇರುವ ಫೋಟೋಗಳ ಸಾಲುಗಳನ್ನೂ ಒಪ್ಪ ಮಾಡುತ್ತಾರೆ.

ಚೆಲುವಮ್ಮ ಈ ಸಲ ಒಂದೇ ಸಾಲು ತಿದ್ದಿದ್ದಳು. ಅಕ್ಕನ ಮಗ ಶಿವನಂಜ ಕೂಸಾಗಿದ್ದಾಗ ಕಾಲಿಗೆ ಬಟ್ಟೆ ಸುತ್ತಿದ್ದ ಫೋಟೋ ಅದು. 'ಚಿಕ್ಕಮ್ಮ ನೋಡಿಕೊಳ್ಳುತ್ತಿದ್ದಾಗ ಬಿಸಿನೀರು ಬಿತ್ತು' ಎಂದಿತ್ತು. ಆ ಸಾಲಿನಿಂದಾಗಿಯೇ ಅಕ್ಕ ಅವಳನ್ನು ಮನೆಗೆ ಸೇರಿಸುತ್ತಿರಲಿಲ್ಲ. ಅದನ್ನು ಅಳಿಸಿ, 'ಬಿಸಿನೀರು ಬಿದ್ದಾಗ ಹತ್ತಿರ ಯಾರೂ ಇರಲಿಲ್ಲ' ಎಂದು ಬರೆದಳು. ಯಾರ ಮೇಲೂ ತಪ್ಪು ಹೊರಿಸಲಿಲ್ಲವಲ್ಲ ಅಂದುಕೊಂಡಳು.

ಇವತ್ತು ಅವರೆಕಾಯಿ ಸುಲಿಯೋಣವೆಂದು ಅಕ್ಕನ ಮನೆಗೆ ಬಂದರೆ ಅಕ್ಕ ಸಾಕಮ್ಮ ಅಳುತ್ತಾ ಕೂತಿದ್ದಳು.

"ಎಂಥ ತಾಯಿ ನಾನು, ಚೆಲ್ವೀ! ಕೂಸೊಂದನ್ನೇ ಬಿಟ್ಟು ಎಲ್ಲಿಗೆ ಹೋಗಿದ್ನೋ, ಅದೂ ಗ್ಯಾಪಕ ಇಲ್ಲ. ನಂಜ ಈಗ ನನ್ ಕೈಲಿ ಊಟ ಹಾಕಿಸ್ಕೊಳ್ಳಲ್ಲ ಅಂತಾನೆ."

"ಹಳೇದು ಬಿಡಕ್ಕ."

"ನೀನಾದ್ರೂ ಅಲ್ಲಿದ್ದಿದ್ರೆ ಕೂಸನ್ನ ಹಿಡ್ಕೊಳ್ತಿದ್ದೆ ಕಣೇ," ಎಂದು ಅಕ್ಕ ಅವಳ ಎಡಗೈ ಹಿಡಿದುಕೊಂಡಳು.

ಚೆಲುವಮ್ಮ ಬಲಗೈಯಲ್ಲಿ ಫೋನ್ ತೆಗೆದಳು. ಒಂದೊಂದೇ ಅಕ್ಷರ ಹುಡುಕಿ ಹಳೆಯ ಸಾಲನ್ನೇ ಬರೆದಳು. ಕೊನೆಯ ಗುಂಡಿ ಒತ್ತುವ ಮುಂಚೆ ಅಕ್ಕನ ಕೈಯನ್ನು ಒಮ್ಮೆ ಗಟ್ಟಿಯಾಗಿ ಅದುಮಿದಳು.

ಒತ್ತಿದಳು. ಅಕ್ಕನ ಅಳು ನಿಂತಿತು. ಕೈ ಬಿಡಿಸಿಕೊಂಡು, ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಕೇಳಿದಳು:

"ನಿನ್ನನ್ನ ಒಳಗೆ ಬಿಟ್ಟೋರು ಯಾರು?"