ಶ್ರದ್ಧಾಂಜಲಿಯ ವೆಬ್‌ಸೈಟ್

ತೀರಿಕೊಂಡ ಹೆಂಡತಿಯ ನೆನಪಿಗೆ ವೆಬ್‌ಸೈಟ್ ಬೇಕೆಂದು ಯಜಮಾನರೊಬ್ಬರು ವೆಬ್‌ಸೈಟ್ ಮಾಡಿಕೊಡುವ ಹುಡುಗಿಗೆ ಫೋನಿನಲ್ಲೇ ಹೇಳಿದ್ದರು. ಫೋಟೊಗಳೂ ವಾಟ್ಸಾಪ್‌ನಲ್ಲೇ ಬಂದಿದ್ದವು. ಸೈಟ್ ಶುರುವಾಗಿ ಒಂದು ವಾರವಾದ ಮೇಲೆ ಅವಳನ್ನು ಮನೆಗೆ ಕರೆಸಿದರು.

"ಯಾರ್ಯಾರು ನೋಡಿದ್ರು ಅಂತ ಗೊತ್ತಾಯ್ತದೇನವ್ವ?"

"ಹೆಸರು ಗೊತ್ತಾಗಲ್ಲ ಸರ್. ಯಾವ ಊರಿಂದ ನೋಡಿದ್ರು ಅನ್ನೋದು ಮಾತ್ರ ಸೈಟಲ್ಲಿ ದಾಖಲಾಗುತ್ತೆ."

"ಮಗಳು ಯಾರನ್ನೋ ಕಟ್ಕೊಂಡು ಹೋದ್ಲು. ಎಲ್ಲವ್ಳೋ ಗೊತ್ತಿಲ್ಲ. ಅವ್ವ ಹೋದ ಸುದ್ದಿ ಅವಳಿಗೆ ಮುಟ್ಟಿದ್ರೆ ಸಾಕು."

ಹುಡುಗಿ ಲ್ಯಾಪ್‌ಟಾಪನ್ನು ಅವರ ಕಡೆಗೆ ತಿರುಗಿಸಿದಳು.

"ಮುಟ್ಟಿದೆ ಸರ್. ಹೊಸದುರ್ಗದಿಂದ ಒಂದೇ ಫೋನಲ್ಲಿ ಯಾರೋ ದಿನಾ ಅಮ್ಮನ ಫೋಟೊ ನೋಡ್ತಿದ್ದಾರೆ. ಇವತ್ತಂತೂ ಬೆಳಗ್ಗಿಂದ ಆ ಪುಟ ಮುಚ್ಚೇ ಇಲ್ಲ."

"ಹೊಸದುರ್ಗ," ಎಂದು ಅವರು ಬಾಗಿಲಲ್ಲಿ ನಿಂತಿದ್ದ ಮಗನ ಮುಖ ನೋಡಿದರು. "ಸಣ್ಣ ಊರು, ಸಿಕ್ತಾಳೆ. ನಿನ್ನ ಹುಡುಗರನ್ನ ಕರ್ಕೊಂಡು ಹೊರಡು."

ಮಗ ಮೊಳೆಗೆ ನೇತುಹಾಕಿದ್ದ ಕಾರಿನ ಕೀ ತೆಗೆದುಕೊಂಡ.

ಅಷ್ಟರಲ್ಲಿ ಅಡುಗೆಮನೆಯಿಂದ ಕಾಫಿ ತಂದ ಹೆಂಗಸು, ಪರದೆಯ ಮೇಲೆ ಹಾರ ಹಾಕಿದ್ದ ತನ್ನದೇ ಫೋಟೊ ನೋಡಿ ಅಲ್ಲೇ ನಿಂತುಬಿಟ್ಟಳು.